ಬಾವನ ಮೂಗಿಗೆ ನಾನಿಟ್ಟ ಪರೀಕ್ಷೆ

ಗಂಡನ ಮೂಗನ್ನು ಪರೀಕ್ಷೆ ಮಾಡುವ ಹುಚ್ಚು ನನಗೆ ಹತ್ತಿದ್ದು ಒಂದು ವಾರಪತ್ರಿಕೆಯ ವೈದ್ಯರ ಅಂಕಣದಿಂದ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಯಸಳೂರು ಬಸ್ಸಿಗೆ ಕಾಯುತ್ತಾ ಹೊತ್ತು ಹೋಗದೆ ಕೊಂಡ ಪತ್ರಿಕೆ ಅದು. ಮರೆವಿನ ಕಾಯಿಲೆ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ದೇಹ ಸುಳಿವು ಕೊಡಲು ಶುರುಮಾಡುತ್ತದೆ, ಕೆಲವರಲ್ಲಿ ಮೊದಲು ಹೋಗುವುದು ವಾಸನೆ ತಿಳಿಯುವ ಶಕ್ತಿ ಎಂದು ಬರೆದಿತ್ತು. ರಕ್ತದಲ್ಲೂ ಅಪಾಯದ ಗುರುತು ಇರುತ್ತದೆ, ಅದು ಮನೆತನದಲ್ಲಿ ಇಳಿದು ಬರಬಹುದು ಅಂತಲೂ ಇತ್ತು. ಅದನ್ನೇ ಮತ್ತೆ ಮತ್ತೆ ಓದಿದೆ. ಬಸ್ಸು ಬಂದು ನಿಂತಿದ್ದೂ ಗೊತ್ತಾಗದೆ, ಕಂಡಕ್ಟರ್ ಕೂಗಿದ ಮೇಲೆ ಓಡಿ ಹತ್ತಿದೆ.

ನನಗೆ ನೆನಪಾದದ್ದು ನಮ್ಮತ್ತೆ. ಅವರು ನನ್ನ ಗಂಡನ ತಾಯಿ, ನನ್ನ ಅಪ್ಪನ ಒಡಹುಟ್ಟಿದ ಅಕ್ಕ. ನಮ್ಮ ಕಡೆ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಮಾಮೂಲು. ಗೊತ್ತಿದ್ದ ಮನೆ, ಗೊತ್ತಿದ್ದ ಜನ, ಹುಡುಗಿ ಅಳುವುದು ಕಡಿಮೆ ಎಂಬ ಲೆಕ್ಕ. ಲಂಗ ಉಟ್ಟ ಕಾಲದಿಂದ ಬಾವ ಎಂದು ಕರೆದವರನ್ನೇ ನಾನು ಮದುವೆಯಾದೆ, ಈಗಲೂ ಬಾವ ಎಂದೇ ಕರೆಯುತ್ತೇನೆ.

ನಮ್ಮದು ದೊಡ್ಡ ಎಸ್ಟೇಟ್ ಏನಲ್ಲ. ಯಸಳೂರಿನ ಆಚೆ ಗುಡ್ಡದ ಇಳಿಜಾರಿನಲ್ಲಿ ಒಂದಿಷ್ಟು ಕಾಫಿ, ಅದರ ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು. ಆದರೆ ಹಣ್ಣನ್ನು ಹಾಗೇ ಒಣಗಿಸಿ ಮಾರುವ ಮನೆಯಲ್ಲ. ಸಂಜೆ ಕೊಯ್ದು ತಂದ ಹಣ್ಣನ್ನು ಪಲ್ಪರಿಗೆ ಕೊಟ್ಟು ಸಿಪ್ಪೆ ಬಿಡಿಸಿ, ಲೋಳೆ ಮೆತ್ತಿದ ಬೀಜವನ್ನು ತೊಟ್ಟಿಯಲ್ಲಿ ಹುದುಗಲು ಬಿಡುತ್ತೇವೆ. ಲೋಳೆ ಬಿಟ್ಟ ಕೂಡಲೇ ತೊಳೆದು ಕಣದಲ್ಲಿ ಹರವಬೇಕು. ಬೇಗ ತೊಳೆದರೆ ಲೋಳೆ ಉಳಿಯುತ್ತದೆ, ತಡವಾದರೆ ಬೀಜಕ್ಕೆ ಹುಳಿ ನಾತ ಹಿಡಿದು ಇಡೀ ಮಾಲು ಕೆಡುತ್ತದೆ. ಚಳಿ ಹೆಚ್ಚಿದ್ದರೆ ಒಂದು ಹೊತ್ತು ಜಾಸ್ತಿ, ಬಿಸಿಲಿದ್ದರೆ ಒಂದು ಹೊತ್ತು ಕಮ್ಮಿ. ಇದನ್ನು ಗಡಿಯಾರ ನೋಡಿ ಹೇಳಲಾಗುವುದಿಲ್ಲ. ಅತ್ತೆ ತೊಟ್ಟಿಗೆ ಬಗ್ಗಿ ಒಂದು ಸಲ ಮೂಸಿ, ಒಂದು ಹಿಡಿ ಬೀಜ ಉಜ್ಜಿ ನೋಡಿ, "ನೀರ್ ಬುಡ್ರೋ" ಅನ್ನುತ್ತಿದ್ದರು. ಆ ಮಾತಿಗೆ ಮನೆಯಲ್ಲಿ ಎದುರು ಮಾತಿರಲಿಲ್ಲ.

ಬೆಳೆದ ಕಾಫಿಯನ್ನೆಲ್ಲ ಸರ್ಕಾರದ ಬೋರ್ಡಿಗೇ ಕೊಡಬೇಕು ಎನ್ನುವ ಕಾಲ ಮುಗಿದು, ನಾವೇ ವ್ಯಾಪಾರ ಮಾಡಿಕೊಳ್ಳಬಹುದು ಎಂದು ಎಲ್ಲರೂ ಹಿಗ್ಗಿದ್ದ ವರ್ಷಗಳಲ್ಲಿ ಅತ್ತೆಯ ತೊಟ್ಟಿ ಹುಳಿಯಾಯಿತು. ಅಡುಗೆಮನೆವರೆಗೂ ನಾತ ಬರುತ್ತಿತ್ತು. ನಾನು ಮೂಗಿಗೆ ಸೆರಗು ಹಿಡಿದು ಓಡಿಹೋಗಿ ನೋಡಿದರೆ ಅತ್ತೆ ತೊಟ್ಟಿಯ ಕಟ್ಟೆಯ ಮೇಲೆ ಆರಾಮಾಗಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಅತ್ತೇ, ಹುಳಿ ಬಂದ್ಬುಟ್ಟೈತಲ್ಲ!"

"ಎಲ್ ಬಂದೈತೆ ಮಗ? ಇನ್ನೂ ಲೋಳೆನೇ ಬುಟ್ಟಿಲ್ಲ. ನೀನೊಬ್ಳು, ಸುಮ್ಕಿರು."

ನಾವೆಲ್ಲ ನೆಗಡಿ ಅಂದುಕೊಂಡೆವು. ನಸ್ಯ ಸೇದಿ ಸೇದಿ ಮೂಗು ಕೆಟ್ಟಿದೆ ಎಂದು ಬಾವ ನಸ್ಯದ ಡಬ್ಬಿ ಬಚ್ಚಿಟ್ಟರು. ಆಗಿನ್ನೂ ಅತ್ತೆಗೆ ಮರೆವೇನೂ ಇರಲಿಲ್ಲ, ನೆಂಟರ ಮಕ್ಕಳ ಹುಟ್ಟಿದ ನಕ್ಷತ್ರವನ್ನೂ ಹೇಳುತ್ತಿದ್ದರು. ಮರೆವು ಬಂದದ್ದು ಕೆಲವು ವರ್ಷ ಕಳೆದ ಮೇಲೆ. ಒಂದು ಮಧ್ಯಾಹ್ನ, ಒಣಗಿ ಗಲಗಲ ಎನ್ನುತ್ತಿದ್ದ, ಇನ್ನೇನು ಚೀಲಕ್ಕೆ ತುಂಬಬೇಕಿದ್ದ ಕಾಫಿಯ ಮೇಲೆ ಅತ್ತೆ ಕೊಡಗಟ್ಟಲೆ ನೀರು ಸುರಿದರು. ಈಗ ತಾನೆ ತೊಟ್ಟಿಯಿಂದ ತೆಗೆದದ್ದು, ತೊಳೆಯದೆ ಯಾಕೆ ಹರವಿದ್ದೀರಿ ಎಂದು ನನ್ನನ್ನೇ ಬೈದರು. ಆಮೇಲಿನದನ್ನು ಬರೆಯುವ ಮನಸ್ಸಿಲ್ಲ. ಒಂದು ಮಾತು ಮಾತ್ರ ಹೇಳಬೇಕು. ಆ ಕಾಯಿಲೆಯುದ್ದಕ್ಕೂ ಅತ್ತೆ ಒಂದು ದಿನವೂ ಹೆದರಲಿಲ್ಲ. ತನಗೆ ಏನಾಗಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ, ಹೆದರಿದ್ದೆಲ್ಲ ನಾವು.

ಹಾಗಾಗಿ ಆ ಅಂಕಣ ಓದಿದ ದಿನದಿಂದ ನನ್ನ ಕಣ್ಣು ಬಾವನ ಮೂಗಿನ ಮೇಲೆ ಬಿತ್ತು. ತಾಯಿಗೆ ಬಂದದ್ದು ಮಗನಿಗೆ ಬಾರದೆ ಇರುತ್ತದೆಯೆ? ಅವರು ಕನ್ನಡಕ ಹುಡುಕಿದರೆ ನನಗೆ ಸಂಕಟ. ಒಂದು ಮಾತನ್ನು ಎರಡು ಸಲ ಕೇಳಿದರೆ ಸಂಕಟ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಮೆಣಸು ಕೊಯ್ಯುವ ಏಣಿ ಹತ್ತಿದ್ದರೆ ಕೆಳಗೆ ನಿಂತು, ಹೋದ ವರ್ಷ ಯಾವ ಮರದಲ್ಲಿ ಎಷ್ಟು ಬಿಟ್ಟಿತ್ತು ಹೇಳಿ ಎಂದು ಕಾಡುತ್ತಿದ್ದೆ. "ಇಳಿದ್ ಬಂದು ಹೇಳ್ತೀನಿ ಕಣೇ, ಬೀಳಿಸ್ಬ್ಯಾಡ" ಎನ್ನುತ್ತಿದ್ದರು.

ಆಮೇಲೆ ಗಂಟಿನ ಪರೀಕ್ಷೆ ಶುರುವಾಯಿತು. ಹಳೆ ಪಂಚೆಯ ಚೂರುಗಳಲ್ಲಿ ಒಂದೊಂದು ವಸ್ತು ಕಟ್ಟುತ್ತಿದ್ದೆ. ಏಲಕ್ಕಿ, ಲವಂಗ, ಇಂಗು, ಕರ್ಪೂರ, ಒಣಶುಂಠಿ, ಸೀರೆ ಪೆಟ್ಟಿಗೆಯ ನುಸಿಗುಳಿಗೆ. ಭಾನುವಾರ ಸ್ನಾನ ಮುಗಿಸಿ ಬಾವ ಜಗಲಿಗೆ ಬಂದರೆ ಕಣ್ಣು ಮುಚ್ಚಿಸಿ ಒಂದೊಂದನ್ನೇ ಮೂಗಿನ ಹತ್ತಿರ ಹಿಡಿಯುವುದು.

"ಏನೇ ಇದು, ಪೊಲೀಸ್ ನಾಯಿಗೆ ಟ್ರೇನಿಂಗ್ ಕೊಟ್ಟಂಗೆ!"

"ಬಾಯ್ಮುಚ್ಕೊಂಡು ಮೂಸಿ ಬಾವ. ಹೇಳಿ, ಏನಿದು?"

"ಇಂಗು. ನಿಮ್ಮಪ್ಪನ ಮನೆ ಸಾರಿಗೆ ಹಾಕ್ತಿದ್ರಲ್ಲ, ಊರಿಗೆಲ್ಲ ಗೊತ್ತಾಗಂಗೆ, ಆ ಇಂಗು."

ಎಲ್ಲವನ್ನೂ ಸರಿಯಾಗಿ ಹೇಳುತ್ತಿದ್ದರು. ಆ ಭಾನುವಾರ ನನಗೆ ಅನ್ನ ರುಚಿಸುತ್ತಿತ್ತು. ಮಂಗಳವಾರ ಬುಧವಾರದ ಹೊತ್ತಿಗೆ ಮತ್ತೆ ಚಡಪಡಿಕೆ. ಆಗಿನ ನನ್ನ ಸಿಡುಕನ್ನು ನೆನೆಸಿಕೊಂಡರೆ ಪಾಪ ಅನ್ನಿಸುತ್ತದೆ, ಬಾವನ ಬಗ್ಗೆಯಲ್ಲ, ಸುತ್ತಲಿನವರ ಬಗ್ಗೆ. ಏಲಕ್ಕಿಗೆ ಗಮವೇ ಇಲ್ಲ, ಹಳೆ ಸರಕು ಕೊಡುತ್ತೀರಿ ಎಂದು ಅಂಗಡಿಯಲ್ಲಿ ಜಗಳವಾಡಿದೆ. ಈಗಿನ ಮಲ್ಲಿಗೆ ಎಲ್ಲ ಗೊಬ್ಬರದ ಮಲ್ಲಿಗೆ ಎಂದು ಮುಡಿಯುವುದನ್ನೇ ಬಿಟ್ಟೆ. ನಮ್ಮ ಕಾಫಿ ಕೊಳ್ಳುವ ವ್ಯಾಪಾರಿಯೊಬ್ಬರಿದ್ದರು, ಸಕಲೇಶಪುರದ ಸಾಹೇಬರು, ತಲೆಮಾರಿನಿಂದ ಬಲ್ಲವರು. ಅವರು ಒಂದು ಸಲ ಮಾದರಿಯ ಬೀಜವನ್ನು ಅಂಗೈಯಲ್ಲಿಟ್ಟು ಮೂಸಿ, ಸಂಕೋಚದಿಂದಲೇ, "ಅಕ್ಕಾ, ನಿಮ್ಮ ಮಾಲು ಯಾವತ್ತೂ ಹಿಂಗಿರ್ಲಿಲ್ಲ. ಒಂಚೂರು ಹುಳಿ ಹೊಡೀತೈತೆ" ಅಂದರು. ಅತ್ತೆ ಹೋದ ಮೇಲೆ ತೊಟ್ಟಿ ನೋಡಿಕೊಳ್ಳುತ್ತಿದ್ದವಳು ನಾನು. ನನಗೆ ಎಲ್ಲಿಲ್ಲದ ಕೋಪ ಬಂತು.

"ನಿಮ್ ಮೂಗಿಗೇ ನೆಗಡಿ ಆಗೈತೆ ಸಾಹೇಬ್ರೆ, ಮೊದ್ಲು ಮಾತ್ರೆ ನುಂಗಿ."

ಸಾಹೇಬರು ನಕ್ಕರು. ಬಾವ ನಗಲಿಲ್ಲ. ಮುಂದಿನ ಕೊಯ್ಲಿಗೆ, ನಿನಗೆ ಮಂಡಿ ನೋವು, ತೊಟ್ಟಿ ಹತ್ತಿ ಇಳಿಯುವುದು ಬೇಡ ಎಂದು ಆ ಕೆಲಸವನ್ನು ತಾವೇ ವಹಿಸಿಕೊಂಡರು. ಮಂಡಿ ನೋಯುತ್ತಿದ್ದದ್ದು ನಿಜವೇ. ಗಂಡನಿಗೆ ಈ ವಯಸ್ಸಿನಲ್ಲಾದರೂ ಹೆಂಡತಿಯ ಮಂಡಿ ಕಂಡಿತಲ್ಲ ಎಂದು ಬೆಳಗೋಡಿನಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿ ಬೀಗಿದೆ.

ಹೀಗಿರುವಾಗ ಒಂದು ಭಾನುವಾರ ಬಾವ ತಪ್ಪು ಹೇಳಿದರು. ಲವಂಗ ಹಿಡಿದರೆ ಕರ್ಪೂರ ಅಂದರು. ಕರ್ಪೂರ ಹಿಡಿದರೆ ಬಹಳ ಹೊತ್ತು ಮೂಸಿ, "ಏನೂ ಬರ್ತಾ ಇಲ್ಲ ಕಣೇ" ಅಂದರು. ಗಂಟುಗಳನ್ನು ಜಗಲಿಯಲ್ಲೇ ಬಿಟ್ಟೆ. ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಮಗಳ ನೆನಪಾಯಿತು. ಈ ಮನುಷ್ಯ ಒಣಗಿದ ಕಾಫಿಗೆ ನೀರು ಸುರಿಯುವ ದಿನ ಬಂದರೆ ನಾನು ಹೇಗೆ ನೋಡಲಿ ಎನ್ನಿಸಿತು. ಮುಖ ತೊಳೆದು ಬಂದು, "ನಾಳೆನೇ ಹಾಸನಕ್ಕೆ ಹೋಗಣ, ನರದ ಡಾಕ್ಟ್ರು ಅವ್ರಂತೆ" ಅಂದೆ. ಆಸ್ಪತ್ರೆ ಎಂದರೆ ಮಾರು ದೂರ ಹೋಗುವ ಮನುಷ್ಯ, "ಸರಿ, ನೀನೂ ಬರ್ಬೇಕು" ಎಂದು ಒಂದೇ ಮಾತಿಗೆ ಒಪ್ಪಿದರು. ಅವರಿಗೂ ಭಯ ಹತ್ತಿದೆ ಅಂದುಕೊಂಡೆ.

ಹಾಸನದ ಆ ಡಾಕ್ಟರು ಹೆಂಗಸು, ನನಗಿಂತ ಚಿಕ್ಕವರು. ಮೇಜಿನ ಮೇಲೆ ಹತ್ತಿ ಬಿರಡೆ ಹಾಕಿದ ಸಣ್ಣ ಬಾಟಲಿಗಳಿದ್ದವು. ಬಾವನ ಕಣ್ಣು ಮುಚ್ಚಿಸಿ ಒಂದೊಂದೇ ಹಿಡಿದರು. ಬಾವ ಪಟಪಟನೆ ಹೇಳಿದರು. ಕಾಫಿಪುಡಿ, ಲವಂಗ, ಕಿತ್ತಳೆ ಸಿಪ್ಪೆ, ಸೋಪು. ಒಂದೂ ತಪ್ಪಲಿಲ್ಲ. ನಿನ್ನೆ ಏನಾಗಿತ್ತು ಹಾಗಾದರೆ ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಡಾಕ್ಟರು, "ಈಗ ನೀವು ಬನ್ನಿ ಅಮ್ಮ" ಅಂದರು.

"ನನಗ್ಯಾಕೆ? ಕಾಯಿಲೆ ಇದ್ದಿದ್ದು ಅವರ ತಾಯಿಗೆ."

"ಸುಮ್ಮನೆ, ಜೊತೆಗೆ ಬಂದಿದ್ದೀರಲ್ಲ."

ನಗುತ್ತಲೇ ಕೂತೆ. ಮೊದಲ ಬಾಟಲಿಯಲ್ಲಿ ಏನೂ ಇರಲಿಲ್ಲ. ನೀರು ಅಂದೆ. ಎರಡನೆಯದೂ ನೀರು. ಮೂರನೆಯದೂ. ನನಗೆ ರೇಗಿತು.

"ಏನ್ ಡಾಕ್ಟ್ರಮ್ಮ, ಅವ್ರಿಗೆ ಸರಿಯಾದ್ದು ಕೊಟ್ಟು ನನಗೆ ಖಾಲಿ ಬಾಟ್ಲಿ ಹಿಡಿದು ತಮಾಷೆ ಮಾಡ್ತಿದ್ದೀರಾ?"

ಕಣ್ಣು ಬಿಟ್ಟೆ. ಡಾಕ್ಟರ ಕೈಯಲ್ಲಿದ್ದದ್ದು ಕಾಫಿಪುಡಿಯ ಬಾಟಲಿ. ಬಿರಡೆ ತೆಗೆದು ನನ್ನ ಮೂಗಿನ ಕೆಳಗೇ ಹಿಡಿದಿದ್ದರು. ಬಾವ ನೆಲ ನೋಡುತ್ತಾ ಕೂತಿದ್ದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟು ಭಾನುವಾರ ನಾನು ಗಂಟು ಹಿಡಿದು ಪರೀಕ್ಷೆ ಮಾಡಿದ್ದೆ. ಕಟ್ಟುತ್ತಿದ್ದವಳು ನಾನೇ, ಒಳಗೆ ಏನಿದೆ ಎಂದು ಗೊತ್ತಿದ್ದವಳಿಗೆ ಮೂಗಿನ ಹಂಗೇ ಇರಲಿಲ್ಲ. ಇಂಗು ಕಟ್ಟುವಾಗ ಇಂಗಿನ ವಾಸನೆ ಬಂದಿತ್ತು ಎಂದು ಇವತ್ತಿಗೂ ಆಣೆ ಇಟ್ಟು ಹೇಳಬಲ್ಲೆ. ಅದು ಮೂಗಿಗೆ ಬಂದದ್ದಲ್ಲ, ಅಷ್ಟೆ.

ಹೊರಗಿನ ಬೆಂಚಿನಲ್ಲಿ ಕೂತು ಬಾವನನ್ನು ತರಾಟೆಗೆ ತೆಗೆದುಕೊಂಡೆ.

"ಯಾವಾಗ್ಲಿಂದ ಗೊತ್ತಿತ್ತು ನಿಮ್ಗೆ?"

"ಹೋದ್ ಸಲ ತೋಟ ಹೂವಾದಾಗ. ನೀನು ಕಿಟಕಿ ಹಾಕ್ಲಿಲ್ಲ."

ಕಾಫಿ ಹೂವಿನ ಗಮಕ್ಕೆ ನನಗೆ ಮದುವೆಯಾಗಿ ಬಂದ ವರ್ಷದಿಂದಲೂ ತಲೆನೋವು. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ದಿನಗಳಲ್ಲಿ ಸೆಕೆಯಾದರೂ ಕಿಟಕಿಗಳನ್ನೆಲ್ಲ ಮುಚ್ಚಿಸಿ ಮಲಗುತ್ತಿದ್ದೆ. ಆ ವರ್ಷ ಹೂವಾಗಿದ್ದನ್ನು ಕಣ್ಣಿನಲ್ಲಿ ನೋಡಿದ್ದೆ. ಕಿಟಕಿ ತೆರೆದೇ ಇತ್ತು ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ಆಮೇಲೆ ಅವರು ಒಂದೊಂದನ್ನೇ ನೋಡಿಟ್ಟುಕೊಂಡಿದ್ದರು. ಹಾಲು ಸೀದು ತಳ ಹಿಡಿಯುವಾಗ ನಾನು ಪಕ್ಕದಲ್ಲೇ ನಿಂತು ತರಕಾರಿ ಹೆಚ್ಚುತ್ತಿದ್ದದ್ದು, ಗ್ಯಾಸ್ ಸೋರುವಾಗ ಗೊತ್ತಾಗದೆ ಇದ್ದದ್ದು, ಸಾಹೇಬರ ಮಾತು. ಪಂಪ್‌ಸೆಟ್ಟಿನ ಸಾಮಾನು ತರುತ್ತೇನೆ ಎಂದು ಒಬ್ಬರೇ ಹಾಸನಕ್ಕೆ ಬಂದು ಈ ಡಾಕ್ಟರಿಗೆ ಎಲ್ಲ ಹೇಳಿ ಹೋಗಿದ್ದರು. ನನ್ನನ್ನು ನೇರವಾಗಿ ಕರೆದರೆ ಬರುವ ಪೈಕಿಯಲ್ಲ ಎಂದು ತಾವೇ ಫೇಲಾದರು.

"ಕರ್ಪೂರದ ಗಾಟಿಗೆ ಕಣ್ಣಲ್ಲಿ ನೀರೇ ಬಂದಿತ್ತು ಕಣೇ, ಏನೂ ಬರ್ತಿಲ್ಲ ಅನ್ನೋಕೆ ಕಷ್ಟ ಆಗ್ಬುಡ್ತು" ಅಂದರು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಅವರಿಗೆ ಏನೂ ಆಗಿಲ್ಲ ಎಂಬ ಸಮಾಧಾನವೂ ಅದರಲ್ಲಿತ್ತು.

ಡಾಕ್ಟರು ಮತ್ತೆ ಒಳಗೆ ಕರೆದು ಬಿಡಿಸಿ ಹೇಳಿದರು. ವಾಸನೆ ಹೋಗಲು ನೂರು ಕಾರಣವಿರಬಹುದು. ವಯಸ್ಸು, ಹಳೆಯ ಸೈನಸ್, ತೋಟಕ್ಕೆ ಹೊಡೆಯುವ ಔಷಧಿ. ಮೂಗು ಹೋದವರಿಗೆಲ್ಲ ಮರೆವು ಬರುವುದಿಲ್ಲ. ಅತ್ತೆಗೆ ಇದ್ದ ಕಾಯಿಲೆಯ ಅಪಾಯ ನಿಮಗೆ ಹೆಚ್ಚಿದೆಯೇ ಎಂದು ತಿಳಿಯಲು ಒಂದು ರಕ್ತಪರೀಕ್ಷೆ ಇದೆ, ಬೆಂಗಳೂರಿಗೆ ಕಳಿಸಬೇಕು. ಅದೂ ಬರುತ್ತದೆ ಎಂದು ಖಾತ್ರಿ ಹೇಳುವುದಿಲ್ಲ, ಬರುವುದಿಲ್ಲ ಎಂದೂ ಹೇಳುವುದಿಲ್ಲ. ತಡೆಯುವ ಔಷಧಿ ಸದ್ಯಕ್ಕೆ ಇಲ್ಲ. ಇಷ್ಟು ಹೇಳಿ ಅವರು ಒಂದು ಹಾಳೆಯಲ್ಲಿ ನಮ್ಮ ಮನೆತನವನ್ನು ಗೆರೆ ಎಳೆದು ತೋರಿಸಿದರು. ಮೇಲೆ ನನ್ನ ತಾತ ಅಜ್ಜಿ, ಅವರಿಂದ ಒಂದು ಗೆರೆ ಅತ್ತೆಗೆ, ಒಂದು ಗೆರೆ ನನ್ನ ಅಪ್ಪನಿಗೆ. ಅಲ್ಲಿಂದ ಇಳಿದು ನಾನು, ಬಾವ, ಮತ್ತೆ ಕೂಡುವ ಗೆರೆಯಲ್ಲಿ ನನ್ನ ಮಗಳು.

"ಅವರ ತಾಯಿ ಕಾಯಿಲೆ ಅಂತೀರಲ್ಲ, ನೀವೂ ಅದೇ ಮನೆ ಮಗಳಲ್ಲವಾ?" ಅಂದರು.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅತ್ತೆಯ ಕೈಯಲ್ಲಿ ಉಂಡು ಬೆಳೆದವಳು, ಅವರ ಹಾಗೇ ಮೂಗು, ಅವರ ಹಾಗೇ ಗಂಟಲು ಎಂದು ನೆಂಟರಿಂದೆಲ್ಲ ಹೇಳಿಸಿಕೊಂಡವಳು. ಆದರೂ ತಾಳಿ ಕಟ್ಟಿದ ಮೇಲೆ ಕಾಯಿಲೆ ಗಂಡನ ಮನೆಯದು, ನಾನು ನೋಡಿಕೊಳ್ಳಬೇಕಾದವಳು ಎಂದೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ನಮ್ಮಪ್ಪ ಎದೆನೋವಿನಿಂದ ಚಿಕ್ಕ ವಯಸ್ಸಿಗೇ ಹೋದರು. ಅವರು ಬದುಕಿದ್ದರೆ ಏನಾಗುತ್ತಿತ್ತೋ ಯಾರಿಗೆ ಗೊತ್ತು.

ರಕ್ತ ಕೊಡುವುದೋ ಬೇಡವೋ ಎಂದು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೆಳಗ್ಗೆ ಕೊಡೋಣ ಅನ್ನಿಸುತ್ತಿತ್ತು, ಮಧ್ಯಾಹ್ನಕ್ಕೆ ಬೇಡ ಅನ್ನಿಸುತ್ತಿತ್ತು. ಡಬ್ಬಿ ಡಬ್ಬಿ ತೆಗೆದು ಮೂಸುತ್ತಿದ್ದೆ. ಸಾಸಿವೆಗೂ ಸೋಂಪಿಗೂ ವ್ಯತ್ಯಾಸವಿಲ್ಲ. ಒಮ್ಮೊಮ್ಮೆ ಏನೋ ಬಂದ ಹಾಗಾಗಿ ಕುಣಿದಾಡಿ ಬಾವನನ್ನು ಕರೆದರೆ, ಆ ಡಬ್ಬಿ ಖಾಲಿಯಾಗಿ ಎಷ್ಟೋ ದಿನವಾಗಿರುತ್ತಿತ್ತು. ಹಿಂದಿನ ದಿನ ಏನು ಅಡುಗೆ ಮಾಡಿದ್ದೆ ಎಂದು ನೆನಪಿಸಿಕೊಂಡು ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ. ತಪ್ಪಿದರೆ ಮೊದಲಿನಿಂದ ಶುರುಮಾಡುತ್ತಿದ್ದೆ, ಸರಿಹೋದರೂ ನೆಮ್ಮದಿ ಇರಲಿಲ್ಲ. ಗೊತ್ತಾದರೆ ಬದುಕಲಾರೆ, ಗೊತ್ತಾಗದಿದ್ದರೂ ಬದುಕಲಾರೆ ಎಂದು ಒಂದು ದಿನ ಬಾವನ ಮುಂದೆ ಕೂಗಾಡಿದೆ.

ಬಾವ ಗಿಡ ಸವರುವ ಕತ್ತಿ ಮಸೆಯುತ್ತಾ ಕೂತಿದ್ದರು. ತಲೆ ಎತ್ತದೆ, "ಇಬ್ರಲ್ಲಿ ಒಬ್ರಿಗೆ ಗೊತ್ತಿದ್ರೆ ಸಾಕಲ್ವಾ" ಅಂದರು.

ಮೊದಲು ನನಗೆ ಅದು ತಲೆಬುಡವಿಲ್ಲದ ಮಾತು ಅನ್ನಿಸಿತು. ಯೋಚಿಸಿದ ಹಾಗೆಲ್ಲ ಅದೇ ಸರಿ ಅನ್ನಿಸತೊಡಗಿತು. ಅತ್ತೆಗೆ ಗೊತ್ತಿಲ್ಲದೆ ಅತ್ತೆ ಸುಖವಾಗಿದ್ದರು. ನಮಗೆ ಮೊದಲೇ ಗೊತ್ತಿದ್ದಿದ್ದರೆ ಅವರನ್ನು ಬೈಯದೆ ನೋಡಿಕೊಳ್ಳುತ್ತಿದ್ದೆವು, ನಸ್ಯದ ಡಬ್ಬಿಯನ್ನು ಕಸಿದುಕೊಳ್ಳುತ್ತಿರಲಿಲ್ಲ. ತಿಳಿದುಕೊಳ್ಳಬೇಕಾದವರು ಪಕ್ಕದಲ್ಲಿರುವವರು. ಅದು ಬಾವನಿಗೆ ಅನ್ಯಾಯ ಎಂದು ನನಗೆ ಗೊತ್ತಿತ್ತು. ಅಷ್ಟು ದೊಡ್ಡದನ್ನು ಒಬ್ಬರ ತಲೆಯ ಮೇಲೆ ಹೊರಿಸಿ ನಾನು ಹಾಯಾಗಿರುವುದು ಯಾವ ನ್ಯಾಯ? ಆದರೂ ಒಪ್ಪಿದೆ, ಯಾಕೆಂದರೆ ಹೊರುವ ಶಕ್ತಿ ನನಗಿರಲಿಲ್ಲ.

ಹೋಗಿ ನನ್ನ ರಕ್ತ ಕೊಟ್ಟು ಬಂದೆವು. ಫಲಿತಾಂಶ ಬಂದಿದೆ ಎಂದು ಫೋನ್ ಬಂದಾಗ ಇಬ್ಬರೂ ಮತ್ತೆ ಹಾಸನಕ್ಕೆ ಹೋದೆವು. ಡಾಕ್ಟರ ಕೋಣೆಯ ಬಾಗಿಲಲ್ಲೇ ನಿಂತು ನಾನು, "ಇವರಿಗೆ ಹೇಳಿ, ನನಗೆ ಬೇಡ" ಅಂದೆ. "ರಕ್ತ ನಿಮ್ಮದು, ತಿಳಿದುಕೊಳ್ಳುವ ಹಕ್ಕೂ ನಿಮ್ಮದೇ. ಯೋಚನೆ ಮಾಡಿದ್ದೀರಾ?" ಎಂದು ಡಾಕ್ಟರು ಎರಡೆರಡು ಸಲ ಕೇಳಿದರು. ಮಾಡಿದ್ದೇನೆ ಎಂದು ಹೊರಗೆ ಬೆಂಚಿನಲ್ಲಿ ಕೂತೆ. ಬಾವ ಒಳಗೆ ಹೋದರು, ಬಾಗಿಲು ಹಾಕಿಕೊಂಡಿತು. ಎದ್ದು ಹೋಗಿ ಕಿವಿಗೊಡೋಣ ಅನ್ನಿಸಿತು. ಏಳಲಿಲ್ಲ.

ಹೊರಗೆ ಬಂದವರ ಮುಖದಲ್ಲಿ ಏನೂ ಇರಲಿಲ್ಲ. ಯಾವತ್ತಿನ ಮುಖವೇ. "ಹಸಿವಾಗೈತಾ?" ಅಂದರು. ಹೋಟೆಲಿನಲ್ಲಿ ತಮ್ಮ ಪಾಲಿನ ದೋಸೆಯನ್ನು ಪೂರ್ತಿ ತಿಂದರು. ತಿಂದರಲ್ಲ, ಹಾಗಾದರೆ ಒಳ್ಳೆಯದೇ ಇರಬೇಕು ಎಂದುಕೊಂಡೆ. ಚಟ್ನಿ ಮುಟ್ಟಲಿಲ್ಲ, ಹಾಗಾದರೆ ಕೆಟ್ಟದ್ದಿರಬೇಕು ಎಂದುಕೊಂಡೆ. ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದವಳು ನಾನೇ.

ಸಕಲೇಶಪುರದ ಬಸ್ಸು ಸಿಕ್ಕಿತು. ಸೋಮವಾರವಾದ್ದರಿಂದ ಜನ ಕಿಕ್ಕಿರಿದಿದ್ದರು, ಪರಿಚಯದ ಮುಖಗಳೂ ಇದ್ದವು. ನಮ್ಮ ಮನೆಯ ಗಂಡಸರು ನಾಲ್ಕು ಜನರ ಎದುರು ಹೆಂಡತಿಯ ಪಕ್ಕ ಕೂರುವುದಕ್ಕೂ ಹಿಂದೆಮುಂದೆ ನೋಡುವವರು. ಬಾವ ಅದರಲ್ಲೂ ಒಂದು ಕೈ ಮೇಲು. ಮದುವೆಯ ದಿನ ಶಾಸ್ತ್ರಕ್ಕೆ ಕಿರುಬೆರಳು ಹಿಡಿ ಎಂದರೆ ಕಿವಿ ಕೆಂಪಗೆ ಮಾಡಿಕೊಂಡಿದ್ದ ಮನುಷ್ಯ. ಅಂಥವರು ಆಲೂರಿನ ಹತ್ತಿರ ಬಂದಾಗ ನನ್ನ ಮಡಿಲಲ್ಲಿದ್ದ ಕೈಯನ್ನು ತೆಗೆದುಕೊಂಡು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಮೇಲೆ ಇನ್ನೊಂದು ಕೈ ಮುಚ್ಚಿದರು. ಕಂಡಕ್ಟರ್ ಟಿಕೆಟ್ ಕೇಳಿದಾಗಲೂ ಬಿಡಲಿಲ್ಲ. ಒಂದೇ ಕೈಯಲ್ಲಿ ಜೇಬಿನಿಂದ ದುಡ್ಡು ತೆಗೆಯಲು ಒದ್ದಾಡಿದರು.

ಸಮಾಧಾನಕ್ಕೆ ಹಿಡಿದಿರಬಹುದು, ಭಯಕ್ಕೆ ಹಿಡಿದಿರಬಹುದು. ಕಿಟಕಿಯ ಕಡೆ ನೋಡುತ್ತಾ ಅದನ್ನೇ ಅಳೆದೂ ಸುರಿದೂ ಸಾಕಾಯಿತು. ಬಾಳ್ಳುಪೇಟೆಯಲ್ಲಿ ನಮ್ಮ ಪೈಕಿಯ ಹೆಂಗಸೊಬ್ಬರು ಬಸ್ಸು ಹತ್ತಿ ನಮ್ಮ ಸೀಟಿನ ಎದುರೇ ಬಂದು ನಿಂತರು.

"ಕೈ ಬುಡಿ ಬಾವ, ಜನ ನೋಡ್ತಾರೆ" ಎಂದು ಪಿಸುಗುಟ್ಟಿದೆ.

"ನೋಡ್ಲಿ ಬುಡು" ಅಂದರು ಬಾವ.